ತೊಳೆಯದ ಕಾಲು

ಶಿಕಾರಿಪುರದ ನಮ್ಮ ಚರ್ಚಿನಲ್ಲಿ ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ. ನಾವೋ, ಮನೆಯಲ್ಲೇ ಸೋಪು ಹಚ್ಚಿ ಉಜ್ಜಿ, ತೊಳೆಯಲು ಏನೂ ಉಳಿಯದಂತೆ ಮಾಡಿಕೊಂಡೇ ಹೋಗಿ ಕೂರುತ್ತೇವೆ!

ವಿಕ್ಟೋರಿಯಮ್ಮ ಸೊರಬದ ಸಂತೆಯಲ್ಲಿ ಒಣಮೀನು ಮಾರುವವಳು. ಗಂಡ ಕುಡಿದು ಆಟೋ ಓಡಿಸಿ, ಹಿಂದಿನ ಬೀದಿಯ ಸರ್ವಮಂಗಳಮ್ಮನ ಮಗಳ ಕಾಲು ಮುರಿದು ಜೈಲು ಸೇರಿದ. ಅಂದಿನಿಂದ ಇವಳು ಆ ಬೀದಿ ಬಿಟ್ಟು ಸುತ್ತಿ ಓಡಾಡುತ್ತಿದ್ದಳು. ಚರ್ಚಿನಲ್ಲೂ ಬಾಗಿಲ ಬಳಿ ಕೂತು, ಪೂಜೆ ಮುಗಿಯುವ ಮೊದಲೇ ಜಾರಿಕೊಳ್ಳುತ್ತಿದ್ದಳು.

ಈ ವರ್ಷ ಹನ್ನೆರಡರಲ್ಲಿ ಒಬ್ಬರು ಬರಲಿಲ್ಲ. ಫಾದರ್ ಅವಳನ್ನು ಕರೆದರು. ಸಂತೆಯಿಂದ ಬಂದು ಆಗಷ್ಟೇ ಬಸ್ಸಿಳಿದವಳು ಮುದುಡಿಹೋದಳು.

"ಬ್ಯಾಡ ಫಾದರ್, ಕಾಲು ತೊಳ್ದಿಲ್ಲ. ಮೀನಿನ ವಾಸನಿ."

"ಮತ್ತೆ ನಾನ್ಯಾಕೆ ನೀರು ಹಿಡ್ಕಂಡು ಕೂತೀನಮ್ಮ?"

ನೀರು ಕಪ್ಪಾಯಿತು. ನಾವೆಲ್ಲ ನೋಡಿದೆವು. ಅವಳು ತಲೆ ಎತ್ತಲಿಲ್ಲ, ಎದ್ದೂ ಹೋಗಲಿಲ್ಲ.

ಅಷ್ಟು ಜನರೆದುರು ಕಾಲು ಕೊಟ್ಟವಳಿಗೆ ಮರುದಿನ ಆ ಬೀದಿ ಹಿಡಿಯುವ ಧೈರ್ಯ ಬಂತು. "ಯೇಸಪ್ಪಾ, ನನ್ ಬಾಯಿ ಕಟ್ಟಬ್ಯಾಡ" ಎಂದು ಬೇಡಿಕೊಳ್ಳುತ್ತಲೇ ನಡೆದಳು. ಸರ್ವಮಂಗಳಮ್ಮನ ಮುಂದೆ ನಿಂತಾಗ ಬಾಯಿ ಕಟ್ಟಿಯೇ ಹೋಯಿತು. ಮೀನೆಂದರೆ ಮೂಗು ಮುಚ್ಚುವ ಮನೆ ಅದು.

ಒಳಗಿನಿಂದ ಮಗಳು ಕುಂಟುತ್ತ ಬಂದು, ಯಾವ ನೆಂಟರಿಗಾದರೂ ಇಡುವಂತೆ, ತುಂಬಿದ ತಂಬಿಗೆಯನ್ನು ಮೆಟ್ಟಿಲ ಮೇಲಿಟ್ಟಳು.

"ಕಾಲು ತೊಳ್ಕಂಡು ಒಳಗ ಬರ್ರಿ."