ನಾಲಿಗೆಗೆ ಹಚ್ಚಿ ನೋಡಿದ ಉಸುಕು

ಅಮರೇಶಣ್ಣ, ಆ ಉಸುಕು ಸವಳಾಗಿರಲಿಲ್ಲ, ಅದರಲ್ಲಿ ಉಪ್ಪಿರಲಿಲ್ಲ. ಅಕ್ಕಾರ ಮನೆಯ ಗೋಡೆಗೆ ಬೂಷ್ಟು ಹಿಡಿದದ್ದು ನಿನ್ನ ಪ್ಲಾಸ್ಟರಿನಿಂದಲ್ಲ, ನನ್ನ ಬಣ್ಣದಿಂದ. ಇದು ನನಗೆ ಇವತ್ತು ತಿಳಿದದ್ದಲ್ಲ. ಎಂಟು ವರ್ಷದ ಹಿಂದೆ, ನಾಲ್ಕು ಜನರ ಮುಂದೆ ನಿನ್ನ ಮೇಲೆ ಬೆರಳು ಮಾಡಿ ತೋರಿಸಿದೆನಲ್ಲ — ಆಗಲೇ ತಿಳಿದಿತ್ತು.

ಬರೆದುಬಿಟ್ಟೆ. ಇಷ್ಟು ಬರೆಯುವುದಕ್ಕೆ ಮೂರು ಹಾಳೆ ಹರಿದು ಒಗೆದಿದ್ದೇನೆ. ಅಂಗಡಿಗಳ ಬೋರ್ಡು ಬರೆದು ಅಕ್ಷರ ದುಂಡಗೆ ಮಾಡಿಕೊಂಡವನು ನಾನು, ಯಾರ ಹೆಸರು ಬೇಕಾದರೂ ಒಂದೇ ಸಲಕ್ಕೆ ಬರೆಯುತ್ತಿದ್ದೆ. ನಿನ್ನ ಹೆಸರು ಬರೆಯುವಾಗ ಮಾತ್ರ — ಇರಲಿ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ಇದನ್ನು ಬೇರೆಯವರೂ ಓದಬೇಕು.

ತುರ್ವಿಹಾಳದ ನೀನು ಗೌಂಡಿ, ಸಿಂಧನೂರಿನ ನಾನು ಪೇಂಟರ್. ಹದಿನೈದು ವರ್ಷ ನೀನು ಕಟ್ಟಿದ ಗೋಡೆಗೆ ನಾನು ಬಣ್ಣ ಹಚ್ಚಿದೆ. ನಮ್ಮ ನಡುವೆ ಕಾಗದ ಇರಲಿಲ್ಲ, ಕರಾರು ಇರಲಿಲ್ಲ. ನೀನು 'ಖಾಜಾ, ಗೋಡಿ ತಯಾರ್ ಐತಿ' ಅಂದರೆ ನಾನು ಬ್ರಷ್ ತೊಳೆದುಕೊಂಡು ಹೊರಡುತ್ತಿದ್ದೆ, ಅಷ್ಟೇ. ಉಸುಕಿನ ಟ್ರ್ಯಾಕ್ಟರ್ ಬಂದು ನಿಂತರೆ ನೀನು ಮೊದಲು ಮಾಡುತ್ತಿದ್ದ ಕೆಲಸ ಒಂದೇ: ಒಂದು ಚಿಟಿಕೆ ಉಸುಕು ನಾಲಿಗೆಗೆ ಹಚ್ಚಿಕೊಳ್ಳುವುದು. ಉಪ್ಪು ಹತ್ತಿದರೆ ಥೂ ಅಂತ ಉಗುಳಿ ಟ್ರ್ಯಾಕ್ಟರನ್ನು ಹಾಗೇ ಹಿಂದಕ್ಕೆ ಕಳಿಸುತ್ತಿದ್ದೆ. ಮಾಲೀಕರು ಗಡಿಬಿಡಿ ಮಾಡಿದರೂ ಕೇಳುತ್ತಿರಲಿಲ್ಲ. ಕೂಲಿ ಹೆಣ್ಣುಮಕ್ಕಳು ನಗುತ್ತಿದ್ದರು, "ಗೌಂಡಿಗೆ ಮುಂಜಾನಿ ನಾಷ್ಟಾ ಉಸುಕ ನೋಡ್ರೆವ್ವಾ" ಅಂತ.

ಅಕ್ಕಾರು ಅಂದರೆ ಶಾಲೆಯ ಸಾವಿತ್ರಿ ಟೀಚರು. ಒಬ್ಬರೇ ದುಡಿದು, ಒಬ್ಬರೇ ಓಡಾಡಿ ಕಟ್ಟಿಸಿದ ಮನೆ. ಜಾಗ ಸಿಂಧನೂರಿನ ಹೊಸ ಲೇಔಟು, ಅದರ ಹಿಂದಿನ ವರ್ಷದ ತನಕ ಭತ್ತದ ಗದ್ದೆ. ಹಿಂಬದಿಯ ಗೋಡೆಗೆ ಹತ್ತಿಕೊಂಡೇ ಇನ್ನೊಬ್ಬರ ಗದ್ದೆ, ಅದರಲ್ಲಿ ಮೊಣಕಾಲ ತನಕ ಕಾಲುವೆ ನೀರು. ಅಲ್ಲಿಗೆ ಉಸುಕು ಬಂದ ದಿನ ನೀನು ನಾಲಿಗೆಗೆ ಹಚ್ಚಿದೆ, ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿದೆ. "ನೀನೂ ನೋಡಲೇ, ನಾಳಿಗೆ ನಿನ್ನ ಬಣ್ಣ ಕೂಡೋದು ಇದರ ಮ್ಯಾಲ" ಅಂದೆ. ನಾನೂ ನಾಲಿಗೆಗೆ ಹಚ್ಚಿ ನೋಡಿದೆ. ಸಪ್ಪಗಿತ್ತು. ಒಳ್ಳೆಯ ಉಸುಕು.

ಪ್ಲಾಸ್ಟರ್ ಮುಗಿಯಿತು. ಮಾಘದಲ್ಲಿ ಗೃಹಪ್ರವೇಶ ಅಂತ ಅಕ್ಕಾರು ತಿಥಿ ಹಿಡಿದಿದ್ದರು. ನೀನು ಒಪ್ಪಲಿಲ್ಲ. "ಪೂಜಿ ಮಾಡಿಕೊಳ್ರಿ ಅಕ್ಕಾರ, ಬ್ಯಾಡ ಅನ್ನಂಗಿಲ್ಲ. ಸದ್ಯ ಸುಣ್ಣ ಹೊಡಸ್ರಿ. ಕಾಲುವಿ ನೀರು ಬಂದ್ ಆಗಲಿ, ಗದ್ದಿ ಒಣಗಲಿ, ಒಂದು ಬ್ಯಾಸಗಿ ಗೋಡಿ ಬಿಸಲು ಕುಡೀಲಿ. ಆಮ್ಯಾಲ ಬಣ್ಣ" ಅಂದೆ. ನಿಮ್ಮೂರಿಗೆ ಹೊರಟಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಕ್ಕಾರು ಭಾಳ ಒತ್ತಾಯ ಮಾಡಿದ್ರ, ಹಿಂದಿನ ಗೋಡಿಗೆ ಪ್ಲಾಸ್ಟಿಕ್ ಹಾಳಿ ಅಂಟಿಸಿ ಒಂದು ದಿನ ಬಿಡು. ಒಳಗ ನೀರು ಕಂಡ್ರ ಕೈ ಮುಟ್ಟಬ್ಯಾಡ. ನಿನ್ನ ಮ್ಯಾಲ ಬಿಟ್ಟೀನಿ."

ನಿನ್ನ ಮ್ಯಾಲ ಬಿಟ್ಟೀನಿ. ಹಾಗೆ ಹೇಳಿ ನೀನು ಬಸ್ ಹತ್ತಿದೆ.

ಅಕ್ಕಾರು ಒತ್ತಾಯ ಮಾಡಿದರು, ನಾನು ಹಾಳೆ ಅಂಟಿಸಿದೆ. ನಾಲ್ಕೂ ಬದಿಗೆ ಟೇಪ್ ಹಚ್ಚಿ, ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಹಾಳೆಯ ಒಳಬದಿಗೆ ನೀರ ಹನಿಗಳು. ಒಂದೆರಡಲ್ಲ, ಸಾಲಾಗಿ ಇಳಿಯುತ್ತಿದ್ದವು. ಅಷ್ಟರಲ್ಲಿ ಅಕ್ಕಾರ ಚಪ್ಪಲಿಯ ಸಪ್ಪಳ ಕೇಳಿಸಿತು. ಹಾಳೆ ಕಿತ್ತೆ, ಅಂಗಿಯ ತೋಳಿನಿಂದ ಗೋಡೆ ಒರೆಸಿದೆ, ಹಾಳೆಯನ್ನು ಮುದ್ದೆ ಮಾಡಿ ಬಕೆಟ್ಟಿಗೆ ತುರುಕಿದೆ.

"ಏನಾತು ಖಾಜಾ?"

"ಒಣಗೈತ್ರಿ ಅಕ್ಕಾರ. ಗೋಡಿ ತಯಾರ್ ಐತಿ."

ನಿನ್ನ ಮಾತನ್ನೇ ಕದ್ದು ಹೇಳಿದೆ, ನೋಡು. ಯಾಕೆ ಅಂತ ಕೇಳಬೇಡ — ಅಲ್ಲ, ಕೇಳು, ಕೇಳಬೇಕು. ಅಕ್ಕಾರಿಗೆ ಹೊಳೆಯುವ ಆಯಿಲ್ ಪೇಂಟ್ ಬೇಕಿತ್ತು. ನೆಂಟರು ಬರುವ ಹೊತ್ತಿಗೆ ಗೋಡೆಯಲ್ಲಿ ಮುಖ ಕಾಣಬೇಕು ಅಂದಿದ್ದರು. ನಾನು ಆಗಲ್ಲ ಅಂದರೆ ಬೇರೆ ಪೇಂಟರ್ ಬರುತ್ತಾನೆ, ಹೊಸ ಲೇಔಟಿನ ಉಳಿದ ಮನೆಗಳೂ ಅವನ ಪಾಲಾಗುತ್ತವೆ ಅಂತ ಹೆದರಿದೆ. ದುರಾಸೆ ಅದು, ಬೇರೆ ಹೆಸರು ಯಾಕೆ ಕೊಡಲಿ. ಹಸಿ ಗೋಡೆಗೆ ಪುಟ್ಟಿ ಬಳಿದೆ, ಮೇಲೆ ಎರಡು ಕೈ ಆಯಿಲ್ ಪೇಂಟ್ ಹೊಡೆದೆ. ಒಳಗಿನ ನೀರಿಗೆ ಹೊರಗೆ ಬರಲು ದಾರಿಯೇ ಉಳಿಯಲಿಲ್ಲ. ನೀನು ತುರ್ವಿಹಾಳದಿಂದ ಬಂದು ಕೇಳಿದಾಗ ನಿನಗೂ ಅದೇ ಸುಳ್ಳು ಹೇಳಿದೆ. ನೀನು ಗೋಡೆ ಮುಟ್ಟಿ ಸಹ ನೋಡಲಿಲ್ಲ. ನಾನು ಹೇಳಿದ್ದೆನಲ್ಲ, ಸಾಕಾಗಿತ್ತು ನಿನಗೆ.

ಗೃಹಪ್ರವೇಶದ ದಿನ ಅಕ್ಕಾರು ನಮ್ಮಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಆಯೇರು ಮಾಡಿದರು. ನಿನಗೆ ಬಿಳಿ ಧೋತರ, ನನಗೆ ಅಂಗಿಯ ಬಟ್ಟೆ. ನೀನು ಧೋತರವನ್ನು ಕಣ್ಣಿಗೆ ಒತ್ತಿಕೊಂಡೆ. ಗೌಂಡಿಗೆ ಅದೇ ಸರ್ಟಿಫಿಕೇಟು ಅನ್ನುತ್ತಿದ್ದೆ ನೀನು.

ಭಾದ್ರಪದದ ಹೊತ್ತಿಗೆ, ಮಳೆಯೂ ಬಂದು ಕಾಲುವೆಯೂ ತುಂಬಿದಾಗ, ಅಲ್ಮೇರಾ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕಿಗಳು ಕಂಡವು. ಹದಿನೈದು ದಿನದಲ್ಲಿ ಎದೆಮಟ್ಟ ಏರಿದವು. ಕೋಣೆಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಅಕ್ಕಾರಿಗೆ ಕೆಮ್ಮು ಹಿಡಿಯಿತು. ನಮ್ಮಿಬ್ಬರನ್ನೂ ಕರೆಸಿದರು. ಅವರ ಅಣ್ಣ ಇದ್ದರು, ಓಣಿಯವರಿದ್ದರು, ಅದೇ ಲೇಔಟಿನಲ್ಲಿ ಮನೆ ಕಟ್ಟಿಸಬೇಕಾದವರೂ ಇದ್ದರು.

"ನನಗ ಜಗಳ ಬ್ಯಾಡ" ಅಂದರು ಅಕ್ಕಾರು. "ಇದು ಬಣ್ಣದ ತಪ್ಪೋ, ಗೋಡಿ ತಪ್ಪೋ? ಒಬ್ಬರರ ಖರೇ ಹೇಳ್ರಿ."

ನೀನು ಗೋಡೆಯನ್ನೇ ನೋಡುತ್ತಿದ್ದೆ, ಏನೂ ತಿಳಿಯದವನ ಹಾಗೆ. ನಾನು ಬಾಯಿ ತೆರೆದೆ.

"ಬಣ್ಣದ್ದಲ್ರಿ ಅಕ್ಕಾರ. ಉಸುಕು ಸವಳು ಇತ್ತು ಕಾಣಸ್ತೈತಿ."

ನಮ್ಮ ಕಾಲುವೆ ಸೀಮೆಯಲ್ಲಿ ಸವಳು ಅಂದರೆ ಇನ್ನೇನೂ ಹೇಳಬೇಕಿಲ್ಲ. ಎಷ್ಟು ಜನರ ಒಳ್ಳೆಯ ಭೂಮಿ ಸವಳು ತಿಂದು ಹಾಳಾಗಿದೆ! ಆ ಮಾತು ಬಿದ್ದ ಕೂಡಲೇ ಎಲ್ಲರೂ ನಂಬಿದರು. ಸವಳು ಹತ್ತಿದ ಗೋಡೆ ಬೆಳ್ಳಗೆ ಉಪ್ಪು ಉದುರಿಸುತ್ತದೆ, ಕಪ್ಪಗಾಗುವುದಿಲ್ಲ. ಅದು ನಿನಗೆ ಗೊತ್ತು, ನನಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ. ನೀನು ಅದನ್ನು ಹೇಳಿ ನನ್ನನ್ನು ಅಲ್ಲೇ ಕೆಡವಬಹುದಿತ್ತು. ಹೇಳಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದೆ:

"ಲೇ ಖಾಜಾ... ನೀನೂ ನಾಲಿಗಿಗೆ ಹಚ್ಚಿ ನೋಡಿದ್ದಿಲ್ಲೇನೋ?"

"ನನಗ ನೆನಪಿಲ್ಲಣ್ಣ" ಅಂದೆ.

ಅಣ್ಣ ಅಂತ ಬೇರೆ ಅಂದೆ! ಆಗ ನಿನ್ನ ಮುಖ — ಸಿಟ್ಟು ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ನೀನು ಸುಮ್ಮನೆ ಎದ್ದು ಹೋದೆ. ಮರುದಿನ ಧೋತರವನ್ನು ಮಡಿಕೆ ಸಹ ಬಿಚ್ಚದೆ ಅಕ್ಕಾರ ಕಟ್ಟೆಯ ಮೇಲೆ ಇಟ್ಟು ಹೋದೆಯಂತೆ.

ಆ ಲೇಔಟಿನಲ್ಲಿ ನಿನ್ನನ್ನು ಮತ್ತೆ ಯಾರೂ ಕರೆಯಲಿಲ್ಲ. ಆಮೇಲೆ ಸಿಂಧನೂರಿನಲ್ಲೂ ಕರೆಯಲಿಲ್ಲ. 'ಸವಳು ಗೌಂಡಿ' ಅಂತ ನಿನಗೆ ಹೆಸರಿಟ್ಟರು. ಚಹಾದಂಗಡಿಯಲ್ಲಿ ಯಾರಾದರೂ ಹಾಗೆ ಅಂದರೆ ನಾನು ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದೆ. ಇನ್ನೂ ಹೇಸಿಗೆಯ ಮಾತು ಹೇಳಲೇ? ನೀನೇ ನನ್ನ ಕೈಬಿಟ್ಟೆ, ಹದಿನೈದು ವರ್ಷದ ಗೆಳೆತನ ಮರೆತು ಒಂದು ಮಾತೂ ಆಡದೆ ಹೋದೆ, ದ್ರೋಹ ಮಾಡಿದವನು ನೀನು — ಹೀಗೆ ನನ್ನ ಹೆಂಡತಿಯ ಮುಂದೆ ಅತ್ತಿದ್ದೇನೆ. ಅವಳು ನಂಬಿ ಸಮಾಧಾನ ಮಾಡಿದಳು. ಒಮ್ಮೊಮ್ಮೆ ನಾನೇ ನಂಬುತ್ತಿದ್ದೆ.

ಹೋದ ವರ್ಷ ಲಿಂಗಸುಗೂರಿಗೆ ಹೊರಟಿದ್ದೆ. ಮಸ್ಕಿಯಲ್ಲಿ ಬಸ್ ನಿಂತಾಗ ಕಿಟಕಿಯಿಂದ ನಿನ್ನನ್ನು ಕಂಡೆ. ಕಟ್ಟುತ್ತಿದ್ದ ಮಳಿಗೆಯ ಮುಂದೆ ನೀನು ತಲೆಯ ಮೇಲೆ ಕಲಸಿದ ಸಿಮೆಂಟಿನ ಬುಟ್ಟಿ ಹೊತ್ತಿದ್ದೆ. ಮೇಲೆ ನಿಂತು ನಿನ್ನನ್ನು ಗದರುತ್ತಿದ್ದವನು ಒಂದು ಕಾಲಕ್ಕೆ ನಿನ್ನ ಕೈಕೆಳಗೆ ಕರಣಿ ಹಿಡಿಯಲು ಕಲಿತವನು. ನಾನು ಮುಖಕ್ಕೆ ಟವೆಲ್ ಅಡ್ಡ ಹಿಡಿದೆ. ಬಸ್ ಹೊರಡುವ ತನಕ ತೆಗೆಯಲಿಲ್ಲ.

ಈ ಬೇಸಿಗೆಯಲ್ಲಿ ಅಕ್ಕಾರು ಮತ್ತೆ ಕರೆದರು. ಎಂಟು ವರ್ಷ ಪ್ರತಿ ಮಳೆಗಾಲಕ್ಕೂ ಒರೆಸಿ ಒರೆಸಿ ಸಾಕಾಗಿತ್ತು ಅವರಿಗೆ. "ನೀನ ಬಾರಪಾ, ನಿನ್ನ ಬಿಟ್ರ ಆ ಗೋಡಿ ಕಥಿ ಯಾರಿಗೆ ಗೊತ್ತೈತಿ" ಅಂದರು. ಕಾಲುವೆ ನೀರು ಬಂದ್ ಆದ ಮೇಲೆ ಹೋದೆ. ಅಲ್ಮೇರಾ ಸರಿಸಿದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಿಟಕಿಗಳನ್ನೆಲ್ಲ ತೆರೆದಿಟ್ಟೆ, ಗೋಡೆಗೆ ಬ್ಲೀಚಿಂಗ್ ಪೌಡರಿನ ನೀರು ಹಚ್ಚಿ ಅದು ನೆನೆಯುವ ತನಕ ಕಾಯ್ದು ತಿಕ್ಕಿದೆ. ಕಪ್ಪು ಹೋಯಿತು. ಒಳಗಿನ ಹಸಿ ಹಾಗೇ ಬಿಟ್ಟು ಮೇಲೆ ಬಣ್ಣ ಬಳಿದರೆ ಮತ್ತೆ ಬರುತ್ತದೆ. ಅದನ್ನೇ ಅಲ್ಲವೇ ನಾನು ಹಿಂದೆ ಮಾಡಿದ್ದು. ಆಯಿಲ್ ಪೇಂಟನ್ನೂ ಪುಟ್ಟಿಯನ್ನೂ ಎದೆಮಟ್ಟದ ತನಕ ಕೆರೆದು ತೆಗೆದೆ. ಹಾಳೆ ಹಾಳೆಯಾಗಿ ಸುಲಿದು ಬಂತು, ಹಿಂದೆ ಇನ್ನೂ ಪಸೆ ಇತ್ತು.

ಕಡೆಗೆ ನಿನ್ನ ಪ್ಲಾಸ್ಟರ್ ಕಂಡಿತು. ಬಡಿದರೆ ಠಣ್ ಅನ್ನುತ್ತಿತ್ತು. ಒಂದು ಬಿರುಕಿಲ್ಲ, ಒಂದು ಹರಳು ಉದುರಲಿಲ್ಲ. ಉಗುರಿನಿಂದ ಕೆರೆದ ಪುಡಿಯನ್ನು ನಾಲಿಗೆಗೆ ಹಚ್ಚಿದೆ — ಯಾಕೆ ಹಚ್ಚಿದೆನೋ. ಗೊತ್ತಿದ್ದದ್ದೇ ಅಲ್ಲವೇ. ಉಪ್ಪಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಚಹಾ ತಂದ ಅಕ್ಕಾರು ಗಾಬರಿಯಾದರು. ಅವರಿಗೆ ಎಲ್ಲವನ್ನೂ ಹೇಳಿದೆ, ಪ್ಲಾಸ್ಟಿಕ್ ಹಾಳೆಯಿಂದ ಹಿಡಿದು.

ಅವರು ಚಹಾದ ಕಪ್ಪನ್ನು ಕಿಟಕಿಯಲ್ಲಿಟ್ಟರು. ಆಮೇಲೆ, "ಬಸ್ ಸ್ಟ್ಯಾಂಡಿನ್ಯಾಗ ಅವ ನನಗ ಕೈ ಮುಗಿದಿದ್ದ ಖಾಜಾ. ನಾ ಮಾರಿ ತಿರುವಿಕೊಂಡು ಹೋಗಿದ್ದೆ. ನನ್ನ ಕೈಲೆ ಎಂಥಾ ಪಾಪ ಮಾಡಿಸಿದ್ಯಲ್ಲೋ" ಅಂದರು. ಸರಿಸಿಟ್ಟಿದ್ದ ಅಲ್ಮೇರಾ ತೆರೆದು ಆ ಧೋತರ ತೆಗೆದು ನನ್ನ ಮುಂದೆ ಇಟ್ಟರು. ಎಂಟು ವರ್ಷ ಆ ಗೋಡೆಗೆ ಹತ್ತಿಕೊಂಡೇ ಇದ್ದ ಬಟ್ಟೆ. ಮಡಿಕೆಗಳ ಮೇಲೆಲ್ಲ ಕಪ್ಪು ಚುಕ್ಕಿ. "ಚಾ ಕುಡಿ" ಅನ್ನಲಿಲ್ಲ. ಚಹಾದ ಕಪ್ಪನ್ನು ವಾಪಸ್ ಒಯ್ದರು.

ಈಗ ಆ ಗೋಡೆ ನೀನು ಹೇಳಿದ ಹಾಗೆಯೇ ಇದೆ. ಬೇಸಿಗೆ ಪೂರ್ತಿ ಬರಿಮೈಯಲ್ಲಿ ಬಿಟ್ಟೆ. ಪ್ಲಾಸ್ಟಿಕ್ ಹಾಳೆ ಅಂಟಿಸಿ, ಈ ಸಲ ಅಕ್ಕಾರ ಕೈಯಿಂದಲೇ ಕೀಳಿಸಿದೆ. ಹಾಳೆ ಒಣಗಿತ್ತು. ಎದೆಮಟ್ಟದ ತನಕ ಬರೀ ಸುಣ್ಣ ಹೊಡೆದೆ, ಗೋಡೆ ಉಸಿರಾಡಲಿ ಅಂತ. ಅಲ್ಮೇರಾ ಗೋಡೆಯಿಂದ ಒಂದು ಗೇಣು ದೂರ ನಿಂತಿದೆ.

ಧೋತರವನ್ನು ನಾನೇ ಮೂರು ಸಲ ಒಗೆದೆ. ಚುಕ್ಕಿಗಳು ಹೋಗಿಲ್ಲ. ಹೊಸದು ಕೊಂಡು ತರಬಹುದು, ಹೆಂಡತಿಯೂ ಹಾಗೇ ಅಂದಳು. ಅವಳಿಗೂ ಹೇಳಿದ್ದೇನೆ. ಆದರೆ ಇದನ್ನೇ ತರುತ್ತೇನೆ. ನೋಡು, ಹೀಗಾಗಿದೆ.

ಸೋಮವಾರ ಬೆಳಿಗ್ಗೆ, ಮಸ್ಕಿಯಲ್ಲಿ ಗೌಂಡಿಗಳು ಕೂಲಿಗಳು ಕೆಲಸಕ್ಕಾಗಿ ಬಂದು ನಿಲ್ಲುತ್ತಾರಲ್ಲ, ಆ ಜಾಗಕ್ಕೆ ಬರುತ್ತೇನೆ. ಅಕ್ಕಾರೂ ಬರುತ್ತೇನೆ ಅಂದಿದ್ದಾರೆ. ಸುಳ್ಳು ಹೇಳಿದ್ದು ಜನರ ಮುಂದೆ, ನಿಜವನ್ನು ನಿನ್ನ ಮನೆಯ ಮೂಲೆಯಲ್ಲಿ ಪಿಸುಗುಟ್ಟಿ ಹೋದರೆ ಆಗುವುದಿಲ್ಲ. ನೀನು ನನ್ನನ್ನು ಮಾತಾಡಿಸಬೇಡ. ಮಾಫಿ ಕೇಳಲು ಬರುತ್ತಿಲ್ಲ, ಕೇಳುವ ಮುಖವೂ ನನಗಿಲ್ಲ. ನೀನು ಅಂದು ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದೆ, ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋಗುತ್ತೇನೆ.

ಹೌದಣ್ಣ, ನೋಡಿದ್ದೆ. ನಾನೂ ನಾಲಿಗೆಗೆ ಹಚ್ಚಿ ನೋಡಿದ್ದೆ. ಉಸುಕು ಸಪ್ಪಗಿತ್ತು.