ಮೂರನೇ ಮಹಡಿಯ ಕುರ್ಚಿಗಳು

ಪುಟ್ಟಬಸಮ್ಮ ದಿನವೂ ಬೈಯುವ ಹೆಂಗಸು. ಡ್ರಿಪ್ ಬಾಟಲಿ ಖಾಲಿಯಾದದ್ದನ್ನು ನೋಡದ ನರ್ಸ್ ಹುಡುಗಿಯರಿಗೆ, ಹೊಟ್ಟೆಗೆ ಹೊಲಿಗೆ ಬಿದ್ದ ಮಾರನೆಯ ದಿನವೇ ಬೀಡಿ ಹುಡುಕುವ ರೋಗಿಗಳಿಗೆ, ಮಂಚದ ಮೇಲೆ ಕೂತು ಚಿತ್ರಾನ್ನ ತಿನ್ನುವ ನೆಂಟರಿಗೆ ಬೀಳುತ್ತಿದ್ದ ಅವಳ ಬೈಗುಳ ಆಸ್ಪತ್ರೆಯ ಮೂರನೇ ಮಹಡಿಯ ಉದ್ದಕ್ಕೂ ಕೇಳಿಸುತ್ತಿತ್ತು. ಅದಕ್ಕೆ ಯಾರೂ ಹೆದರುತ್ತಿರಲಿಲ್ಲ. ನಿಜವಾದ ಕೋಪ ಬಂದಾಗ ಅವಳ ದನಿ ತಗ್ಗುತ್ತಿತ್ತು. ಆಗ ಮಾತ್ರ ವಾರ್ಡಿನ ಆಯಾ ದೇವಿರಮ್ಮ ಕೂಡ ಬಕೆಟ್ಟು ಎತ್ತಿಕೊಂಡು ಆಚೆ ಹೋಗಿಬಿಡುತ್ತಿದ್ದಳು.

ನಂಜನಗೂಡಿನ ಕಡೆಯ ಹಳ್ಳಿಯಿಂದ ನರ್ಸಿಂಗ್ ಕಲಿಯಲು ಹೊರಟಾಗ, ಲಿಂಗ ಕಟ್ಟಿದ ಮನೆಯ ಹೆಣ್ಣು ಕಂಡವರ ಮೈ ತೊಳೆಯಲು ಹೋಗುವುದೇ ಎಂದು ಅವಳ ಅಜ್ಜಿ ಊಟ ಬಿಟ್ಟು ಕೂತಿದ್ದಳು. ಪುಟ್ಟಬಸಮ್ಮ ಅಜ್ಜಿಯ ತಟ್ಟೆಯ ಮುಂದೆ ತಾನೂ ಉಪವಾಸ ಕೂತು, ಗೆದ್ದು, ಮೈಸೂರಿನ ಬಸ್ಸು ಹತ್ತಿದಳು. ಈಗಿನ ಖಾಸಗಿ ಆಸ್ಪತ್ರೆ ಎರಡು ಕೋಣೆಯ ನರ್ಸಿಂಗ್ ಹೋಮ್ ಆಗಿದ್ದಾಗ ಸೇರಿದವಳು ಅವಳು. ಅದು ಬೆಳೆದು ಗಾಜಿನ ಕಟ್ಟಡವಾಯಿತು, ಲಿಫ್ಟ್ ಬಂತು, ಕೆಳಗೆ ಕಾಫಿ ಅಂಗಡಿ ಬಂತು. ನಿಂತು ನಿಂತು ಅವಳ ಮೀನಖಂಡಗಳಲ್ಲಿ ನರಗಳು ಉಬ್ಬಿ ಗಂಟು ಗಂಟಾದವು. ಕೃಷ್ಣಮೂರ್ತಿಪುರಂನ ಮನೆಯಲ್ಲಿ ಗಂಡ ಗುರುಮಲ್ಲಪ್ಪ, ಸಂಜೆ ತನ್ನ ಪುಸ್ತಕದಂಗಡಿ ಮುಚ್ಚಿ ಬಂದವನೇ ಅವಳ ಕಾಲ ಕೆಳಗೆ ಎರಡು ದಿಂಬು ಇಡುತ್ತಿದ್ದ.

ಹೋದ ವರ್ಷ ಆಸ್ಪತ್ರೆಗೆ ಅಶೋಕ ಎಂಬ ಹೊಸ ಮ್ಯಾನೇಜರ್ ಬಂದ. ಮೊದಲು ಯಾವುದೋ ದೊಡ್ಡ ಹೋಟೆಲಿನಲ್ಲಿದ್ದವನು. ರೋಗಿಗಳನ್ನು ‘ಗೆಸ್ಟ್’ ಅನ್ನಬೇಕೆಂದ. ನರ್ಸುಗಳು ನಗುಮುಖದಲ್ಲಿರಬೇಕೆಂದ. ಅಷ್ಟಕ್ಕೆಲ್ಲ ಪುಟ್ಟಬಸಮ್ಮ, ‘ಹೇಳ್ಕೊಳ್ಲಿ ಬುಡಿ’ ಎಂದು ಸುಮ್ಮನಿದ್ದಳು. ಆದರೆ ಒಂದು ದಿನ ರೋಗಿಯೊಬ್ಬರ ಮಗ, ನರ್ಸುಗಳು ಕೂತಿದ್ದ ಫೋಟೋ ತೆಗೆದು, ‘ಇಲ್ಲಿ ಸಿಸ್ಟರುಗಳು ಹರಟೆ ಹೊಡೀತಾ ಕೂತಿರ್ತಾರೆ’ ಎಂದು ಇಂಟರ್ನೆಟ್ಟಿಗೆ ಹಾಕಿಬಿಟ್ಟ. ಆ ಫೋಟೋದಲ್ಲಿದ್ದವರು ಶಿಫ್ಟ್ ಬದಲಾಗುವಾಗ ಯಾವ ರೋಗಿಗೆ ಏನಾಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅದನ್ನು ಯಾರೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಮಹಡಿಗಳ ನರ್ಸಿಂಗ್ ಸ್ಟೇಷನ್ನುಗಳಿಂದ ಕುರ್ಚಿಗಳು ಮಾಯವಾಗಿದ್ದವು. ಮೇಜಿಗೆ ಎತ್ತರದ ಕಾಲು ಹಾಕಿಸಿದ್ದರು, ನಿಂತೇ ಬರೆಯಲಿ ಎಂದು.

ಪುಟ್ಟಬಸಮ್ಮ ಅಶೋಕನ ಕೋಣೆಗೆ ಹೋದಳು.

‘ಸಾರ್, ನನ್ನ ವಾರ್ಡಲ್ಲಿ ಅನುಗೆ ಏಳು ತಿಂಗಳು. ಅವಳಿಗಾದ್ರೂ ಒಂದು ಸ್ಟೂಲ್ ಕೊಡ್ಸಿ.’

‘ಒಬ್ರಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ ಸಿಸ್ಟರ್. ನಿಂತಿದ್ರೆ ಆಕ್ಟಿವ್ ಆಗಿ ಕಾಣ್ತೀರ. ನಮ್ಮ ಹೋಟೆಲ್ ರಿಸೆಪ್ಷನ್ನಲ್ಲಿ ಹುಡುಗೀರು ದಿನವಿಡೀ ನಿಂತೇ ಇರ್ತಿದ್ರು.’

‘ಆ ಹುಡುಗೀರು ಹೆಣ ಎತ್ತಿ ಮಲಗಿಸ್ತಿರ್ಲಿಲ್ಲ ಸಾರ್.’

ಅಶೋಕ ಫೋನ್ ನೋಡತೊಡಗಿದ. ಮಾತು ಮುಗಿಯಿತು ಎಂದು ಅದರ ಅರ್ಥ. ಮೇಲೆ ಬಂದ ಪುಟ್ಟಬಸಮ್ಮ ಅಂದೆಲ್ಲ ಯಾರನ್ನೂ ಬೈಯಲಿಲ್ಲ.

ಅನು ನಗುನಗುತ್ತ ಕೆಲಸ ಮಾಡುವ ಹುಡುಗಿ. ಗಂಡ ಸುನಿಲ್ ಆಟೋ ಓಡಿಸುತ್ತಿದ್ದ. ಬೆಳಿಗ್ಗೆ ಅವಳನ್ನು ಬಿಟ್ಟು, ಸಂಜೆ ಗೇಟಿನಲ್ಲಿ ಕಾಯುತ್ತಿದ್ದ. ಕಾಲು ಊದಿ ಚಪ್ಪಲಿಯ ಪಟ್ಟಿ ಕೂರದಾದಾಗ ಅವಳು ಗಂಡನ ಹವಾಯಿ ಚಪ್ಪಲಿ ಹಾಕಿಕೊಂಡು ಬಂದಳು. ಯೂನಿಫಾರಂಗೆ ಹೊಂದುವುದಿಲ್ಲ ಎಂದು ಅಶೋಕ ಅದಕ್ಕೂ ಹೇಳಿದ. ಪುಟ್ಟಬಸಮ್ಮ ಅವಳನ್ನು ಆಗಾಗ ಔಷಧದ ಕೋಣೆಗೆ ಕಳಿಸಿ ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂರಿಸುತ್ತಿದ್ದಳು. ಕಳ್ಳತನ ಮಾಡಿದಂತೆ ಬಾಗಿಲು ಮುಚ್ಚಿಕೊಂಡು ಕೂರಬೇಕಾಗಿತ್ತು ಬಸುರಿ ಹೆಂಗಸು.

ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ದೊಡ್ಡ ಡಾಕ್ಟರ ರೌಂಡ್ಸ್ ತಡವಾಗಿತ್ತು. ಆಸ್ಪತ್ರೆಯ ಮಾಲೀಕರು ಅವರೇ. ಅವರು ಬರುವವರೆಗೆ ನರ್ಸುಗಳು ಸಾಲಾಗಿ ನಿಂತಿರಬೇಕು. ಡ್ರೆಸ್ಸಿಂಗ್ ಟ್ರೇ ಹಿಡಿದು ನಿಂತಿದ್ದ ಅನು, ‘ಸಿಸ್ಟರ್, ಕಣ್ಣು ಕತ್ತಲೆ...’ ಎನ್ನುತ್ತಲೇ ಟ್ರಾಲಿಯ ಅಂಚಿಗೆ ತಲೆ ಬಡಿದು ಬಿದ್ದಳು. ಕತ್ತರಿ, ಇಕ್ಕಳ ಎಲ್ಲ ನೆಲದ ಮೇಲೆ ಚೆಲ್ಲಾಡಿದವು. ಪುಟ್ಟಬಸಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಹಣೆಯ ರಕ್ತಕ್ಕಿಂತ ಮೊದಲು ಕಂಡದ್ದು, ಅವಳ ಪ್ಯಾಂಟಿನ ಮೇಲೆ ಹರಡುತ್ತಿದ್ದ ರಕ್ತದ ಕಲೆ.

ಮಗು ಉಳಿಯಿತು. ಅನು ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನ ಮಂಚದಲ್ಲಿ ಮಲಗಿದಳು. ಸುನಿಲ್ ಓಡಿ ಬಂದ. ಅವನನ್ನು ಪಕ್ಕಕ್ಕೆ ಕರೆದು ಅಶೋಕ ಹೇಳುತ್ತಿದ್ದದ್ದು, ಬಾಗಿಲ ಹತ್ತಿರ ನಿಂತಿದ್ದ ಪುಟ್ಟಬಸಮ್ಮನ ಕಿವಿಗೆ ಬಿತ್ತು.

‘ತಿಂಡಿ ತಿನ್ನದೆ ಬಂದಿದ್ರಂತೆ. ಮನೇಲಿ ಸ್ವಲ್ಪ ನೋಡ್ಕೋಬೇಕಿತ್ತು ನೀವು.’

ಸುನಿಲ್ ತಲೆ ತಗ್ಗಿಸಿದ. ತಪ್ಪು ತನ್ನದೇ ಎಂದು ಒಪ್ಪಿಕೊಂಡವನ ಹಾಗೆ.

ಆ ಬೆಳಿಗ್ಗೆ ಅನು ತನ್ನ ಡಬ್ಬಿಯ ಇಡ್ಲಿಯನ್ನು ಪುಟ್ಟಬಸಮ್ಮನೆದುರೇ ತಿಂದಿದ್ದಳು, ಚಟ್ನಿ ಖಾರ ಎಂದು ಮುಖ ಕಿವಿಚಿದ್ದಳು. ಪುಟ್ಟಬಸಮ್ಮ ಸುನಿಲ್ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದಳು:

‘ತಲೆ ಎತ್ತಪ್ಪ. ನಿನ್ನ ಹೆಂಡ್ತಿ ಹೊಟ್ಟೆ ತುಂಬ ತಿಂದೇ ಬಿದ್ದದ್ದು. ನಿಲ್ಲಿಸಿ ನಿಲ್ಲಿಸಿ ಬೀಳ್ಸಿದ್ದು ಇವ್ರು.’

‘ಸಿಸ್ಟರ್, ಇಲ್ಲಿ ಸೀನ್ ಮಾಡ್ಬೇಡಿ’ ಎಂದ ಅಶೋಕ.

ಅವಳು ನೆಟ್ಟಗೆ ಕೆಳಗಿಳಿದು ಅಶೋಕನ ಕೋಣೆಗೆ ಹೋದಳು. ಮೇಜಿನ ಹಿಂದೆ ಅವನ ಚಕ್ರದ ಕುರ್ಚಿ ಇತ್ತು, ಕರಿಯ ಚರ್ಮದ್ದು. ಅದನ್ನು ಎಳೆದುಕೊಂಡು ಕಾರಿಡಾರಿಗೆ ಬಂದಳು. ಚೀಟಿ ಹಿಡಿದು ಕೂತಿದ್ದ ಜನ, ಸೆಕ್ಯೂರಿಟಿ, ಕಾಫಿ ಅಂಗಡಿಯವನು, ಎಲ್ಲರೂ ನೋಡುತ್ತಿದ್ದಂತೆ ಕುರ್ಚಿಯನ್ನು ಗಡಗಡ ತಳ್ಳಿಕೊಂಡು ಲಿಫ್ಟಿಗೆ ನುಗ್ಗಿಸಿದಳು. ದೇವಿರಮ್ಮ ಎದುರಾದಳು.

‘ಎಲ್ಲಿಗೆ ಸಿಸ್ಟರಮ್ಮ ಇದು?’

‘ನಮ್ಮ ವಾರ್ಡಿಗೆ.’

‘ಅಂಗಾದ್ರೆ ಮೀಟಿಂಗ್ ರೂಮಲ್ಲೂ ಅವೆ ಕಣವ್ವ, ಸಾಲಾಗಿ’ ಎಂದವಳೇ ದೇವಿರಮ್ಮ ಸೆರಗು ಸಿಕ್ಕಿಸಿಕೊಂಡು ನಡೆದಳು. ಅವಳ ಹಿಂದೆ ಎರಡನೇ ಮಹಡಿಯ ನರ್ಸ್ ಮಾನಸ, ಮಾನಸಳ ಹಿಂದೆ ಇನ್ನಿಬ್ಬರು. ಮಧ್ಯಾಹ್ನದ ಹೊತ್ತಿಗೆ ಮೀಟಿಂಗ್ ರೂಮಿನಲ್ಲಿ ಬರಿಯ ಮೇಜು ಉಳಿದಿತ್ತು.

ದೊಡ್ಡ ಡಾಕ್ಟರು ಮೇಲೆ ಬಂದರು. ಅವರ ಮೊದಲ ಆಪರೇಷನ್ನುಗಳಲ್ಲಿ ಪಕ್ಕದಲ್ಲಿ ನಿಂತು ಬೆವರು ಒರೆಸಿದವಳು ಪುಟ್ಟಬಸಮ್ಮ.

‘ಏನಮ್ಮ ಇದು? ಇಷ್ಟು ವರ್ಷ ಇದ್ದು ನೀವೇ ಹಿಂಗೆ ಮಾಡೋದಾ? ಅಶೋಕ್‌ಗೆ ಸುಮ್ನೆ ‘ಸಾರಿ’ ಅಂದ್ಬಿಡಿ, ಮುಗಿದ್ಹೋಗುತ್ತೆ.’

‘ಅನುಗೆ ಅವರು ಸಾರಿ ಹೇಳ್ಲಿ ಸಾರ್. ಆಮೇಲೆ ನಾನು ಹೇಳ್ತೀನಿ.’

‘ನನಗೂ ಎದುರಾಡ್ತೀರಾ?’

‘ಇಷ್ಟು ವರ್ಷ ಆಡ್ದೆ ಇದ್ದದ್ದೇ ತಪ್ಪಾಯ್ತು ಸಾರ್.’

ಅವರು ಕೆಂಪಗಾಗಿ ಹೊರಟುಹೋದರು. ಕುರ್ಚಿಗಳನ್ನು ಕೆಳಗೆ ತರಲು ವಾರ್ಡ್‌ಬಾಯ್‌ಗಳಿಗೆ ಹೇಳಿದರು. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಎಕ್ಸ್‌ರೇಗೆ ರೋಗಿಯನ್ನು ಕರೆದೊಯ್ಯುವುದಿತ್ತು. ವಾರದೊಳಗೆ ಹಳೆಯ ಕುರ್ಚಿಗಳು ಸದ್ದಿಲ್ಲದೆ ಎಲ್ಲ ಮಹಡಿಗಳಿಗೂ ಬಂದವು, ಕರಿಯ ಕುರ್ಚಿ ಕೆಳಗಿಳಿಯಿತು. ಅದರ ಜೊತೆಗೇ ಪುಟ್ಟಬಸಮ್ಮನನ್ನೂ ಇಳಿಸಿದರು. ನೆಲಮಾಳಿಗೆಯಲ್ಲಿ ಆಪರೇಷನ್ ಸಾಮಾನುಗಳನ್ನು ಹಬೆಯಲ್ಲಿ ಬೇಯಿಸುವ ಕೋಣೆಗೆ. ಅಲ್ಲಿ ರೋಗಿಗಳಿಲ್ಲ, ಬೈಯಲು ಹುಡುಗಿಯರಿಲ್ಲ, ಕಿಟಕಿಯೂ ಇಲ್ಲ.

ಅನುಗೆ ಹೆಣ್ಣುಮಗುವಾಯಿತು. ಹೆರಿಗೆ ರಜೆ ಕೇಳಿದರೆ, ಕಾಂಟ್ರಾಕ್ಟ್ ಮುಗಿದಿದೆ, ಬೇರೆಯವರನ್ನು ತೆಗೆದುಕೊಂಡಾಗಿದೆ ಎಂದರು. ಪುಟ್ಟಬಸಮ್ಮ ರಜೆ ಹಾಕಿ, ಮಗುವನ್ನೆತ್ತಿಕೊಂಡ ಅನುವನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಕರೆದೊಯ್ದು ದೂರು ಕೊಡಿಸಿದಳು. ಸಾಕ್ಷಿ ಹೇಳಿದರೆ ಕೆಲಸ ಹೋಗುತ್ತದೆ ಎಂದು ಹುಡುಗಿಯರಿಗೆ ಫೋನುಗಳು ಹೋದವು. ಮಾನಸ ಒಬ್ಬಳೇ ಬಂದಳು.

ಪ್ರಕರಣ ಎಳೆಯುತ್ತಿರುವಾಗಲೇ ಆಸ್ಪತ್ರೆಯವರು ಅನುವನ್ನು ಮತ್ತೆ ಕೆಲಸಕ್ಕೆ ಕರೆಸಿಕೊಂಡರು. ನ್ಯಾಯಕ್ಕೆ ಹೆದರಿಯಲ್ಲ. ಹೊಸಬರು ಕೊಲ್ಲಿ ದೇಶಗಳಿಗೆ, ಬೇರೆ ಆಸ್ಪತ್ರೆಗಳಿಗೆ ಹೊರಟುಹೋಗಿ, ಮೂರನೇ ಮಹಡಿಯಲ್ಲಿ ಸೂಜಿ ಚುಚ್ಚಲು ಬರುವ ಕೈಗಳೇ ಸಾಲದಾಗಿದ್ದವು. ಕೆಲಸ ಸಿಕ್ಕಿತೆಂದು ಅನು ಸಿಹಿ ತಂದಾಗ ಪುಟ್ಟಬಸಮ್ಮ ತಿಂದಳು, ಆದರೆ ಮುಖ ಅರಳಲಿಲ್ಲ.

ಮನೆಯಲ್ಲಿ ಗುರುಮಲ್ಲಪ್ಪ ಕೇಳಿದ, ‘ಎಲ್ಲಾ ಸರಿಹೋಯ್ತಲ್ಲ, ಇನ್ನೂ ಯಾಕೆ ಗಂಟುಮುಖ?’

‘ಏನ್ರೀ ಸರಿಹೋದದ್ದು? ಆ ಹುಡುಗ ಇವತ್ತಿಗೂ ಹೆಂಡ್ತಿ ತಿಂಡಿ ತಿಂದ್ಲೋ ಇಲ್ವೋ ಅಂತ ಎರಡೆರಡು ಸಲ ಕೇಳಿ ಕಳಿಸ್ತಾನಂತೆ. ತಪ್ಪು ಅವನದೇ ಅಂದ್ಕೊಂಡವ್ನೆ ಇನ್ನೂ. ಅವನಿಗೆ ಸುಳ್ಳು ಹೇಳಿದೋನು ಮಾತ್ರ ನಗ್ತಾ ಓಡಾಡ್ಕೊಂಡಿದಾನೆ.’

ಗುರುಮಲ್ಲಪ್ಪ ದಿಂಬು ತರಲು ಎದ್ದ. ಅವಳು ಬೇಡವೆಂದು ಕೈ ಬೀಸಿ, ಇನ್ನೂ ಮುಗಿಯದ ಪ್ರಕರಣದ ಮುಂದಿನ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಒಪ್ಪಿಸಬೇಕೆಂದು ಹುಡುಗಿಯರಿಗೆ ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದಳು. ಅವಳ ದನಿ ತೀರ ತಗ್ಗಿತ್ತು.