ಅಕ್ಕನಿಗೆ ಬಂದಿದ್ದ ಫೋನು

ಅಕ್ಕಾ, ನಿನಗೆ ಫೋನ್ ಬಂದಿತ್ತು. ಒಂದಲ್ಲ, ಮೂರು ಸಲ. ನಾನು ಹೇಳಲಿಲ್ಲ.

ಮದುವೆಯಾಗಿ ಸಿಂಗಾಪುರಕ್ಕೆ ಹೊರಟಾಗ ನೀನು ಹೇಳಿದ್ದೆ — "ಎರಡು ವರ್ಷ ಸಂಸಾರ ನೋಡ್ಕೋತೀನಿ. ಆಮೇಲೆ ಒಳ್ಳೆ ಪಾತ್ರ ಬಂದ್ರೆ ಮಾಡ್ತೀನಿ, ಇವರೂ ಒಪ್ಪಿದಾರೆ. ಯಾರೇ ಕೇಳಿದ್ರೂ ನಂಗೆ ತಿಳ್ಸು." ಕೇಳುವವರು ಬೆಂಗಳೂರಿನ ಮನೆಗೇ ಫೋನ್ ಮಾಡುತ್ತಿದ್ದರು. ನಿನ್ನ ಕಾಲ್‌ಶೀಟಿನ ಡೈರಿ — ಯಾವ ದಿನ ಯಾವ ಚಿತ್ರಕ್ಕೆ ಎಂದು ಬರೆಯುವುದು — ನನ್ನ ಕೈಯಲ್ಲೇ ಇತ್ತಲ್ಲ.

ಎರಡು ವರ್ಷ ತುಂಬಿದ ಮೇಲೆ ಒಬ್ಬ ನಿರ್ದೇಶಕರು ಕೇಳಿದರು. ನಿನಗಾಗಿಯೇ ಬರೆದ ಪಾತ್ರವಂತೆ. ಮೊದಲೆರಡು ಸಲ "ಅಕ್ಕನನ್ನು ಕೇಳಿ ಹೇಳ್ತೀನಿ" ಎಂದೆ, ನಿನ್ನನ್ನು ಕೇಳಲೇ ಇಲ್ಲ. ಮೂರನೆಯ ಸಲ ಹೇಳಿದ್ದು ಇದು: "ಅಕ್ಕ ಇನ್ಮೇಲೆ ಬಣ್ಣ ಹಚ್ಚಲ್ಲ ಸಾರ್. ಸಂಸಾರವೇ ಸಾಕಂತೆ." ಪತ್ರಿಕೆಯಲ್ಲೂ ಅದೇ ಮಾತು ಬಂತು, ನೀನೇ ಆಡಿದ ಹಾಗೆ. ಆಮೇಲೆ ಯಾರೂ ಫೋನ್ ಮಾಡಲಿಲ್ಲ.

ಯಾಕೆ — ಹೀರೋಯಿನ್ ಜೊತೆ ಮನೆಯ ಹೆಣ್ಣೊಬ್ಬಳು ಸೆಟ್ಟಿನಲ್ಲಿ ಇರಲೇಬೇಕೆಂದು ಅಮ್ಮ ಎಂಟನೇ ಕ್ಲಾಸಿಗೇ ನನ್ನ ಸ್ಕೂಲು ಬಿಡಿಸಿದ್ದಳು. ಒಂಬತ್ತು ವರ್ಷ ನಿನಗೆ ಕೊಡೆ ಹಿಡಿದೆ, ಊಟದ ಕ್ಯಾರಿಯರ್ ಹೊತ್ತೆ, ಸೆಟ್ಟಿನ ಮೂಲೆಯಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕಾದೆ. ಮತ್ತೆ ಆ ಮಡಿಚುವ ಕುರ್ಚಿ ಬೇಡವಾಗಿತ್ತು — ಎಂದು ಮೊದಲು ಬರೆದಿದ್ದೆ. ಅದು ಪೂರ್ತಿ ನಿಜವಲ್ಲ. ಬರಲಾರೆ ಎಂದಿದ್ದರೆ ನೀನು ಬೇರೆ ಯಾರನ್ನಾದರೂ ಕರೆದುಕೊಳ್ಳುತ್ತಿದ್ದೆ. ನೀನೂ ನನ್ನ ಹಾಗೆ ಯಾರಿಗೂ ಗೊತ್ತಿಲ್ಲದವಳಾಗಲಿ — ನನಗೆ ಬೇಕಾಗಿದ್ದದ್ದು ಅದು. ಹಾಗೇ ಆಯಿತು.

ಈಗ ಇಲ್ಲಿ ಸಿಂಗಾಪುರದಲ್ಲಿ, ನಿನ್ನ ಮಗನ ಸೆಂಗ್‌ಕಾಂಗ್ ಫ್ಲಾಟಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ನಿನ್ನ ಹಳೆಯ ಹಾಡೊಂದನ್ನು ಹುಡುಕಿ ತಂದು, ಇಲ್ಲಿಯವರ ಇಂಗ್ಲಿಷ್ ಬೆರೆಸಿ ಕೇಳಿದಳು.

"ಅಜ್ಜಿ, ಇದು ನೀನಾ? ಸೋ ಪ್ರಿಟಿ ಲಾ. ಯಾಕೆ ಸ್ಟಾಪ್ ಮಾಡಿದೆ?"

"ಯಾರೂ ಕರೀಲಿಲ್ಲ ಕಣೇ," ಎಂದು ನೀನು ನಕ್ಕೆ. "ಫೋನ್ ಪಕ್ಕ ಕೂತಿರ್ತಿದ್ದವಳು ನಿನ್ನ ಚಿಕ್ಕಜ್ಜಿ. ಬೇಕಾದ್ರೆ ಕೇಳು."

ಮಗು ನನ್ನ ಮುಖ ನೋಡಿತು.

"ಹೌದು, ಒಂದೂ ಬರ್ಲಿಲ್ಲ," ಎಂದೆ. ಈ ವಯಸ್ಸಿನಲ್ಲಿ, ಮತ್ತೆ.

ಹಾಡು ಮುಗಿಯುವ ಮೊದಲೇ ನೀನು ಎದ್ದು ಹೋಗಿ, ಒಗೆದ ಬಟ್ಟೆಗಳನ್ನು ಕಿಟಕಿಯಾಚೆ ಚಾಚುವ ಬಿದಿರುಕೋಲಿಗೆ ಹಾಕತೊಡಗಿದೆ. ಒಂದು ಅಂಗಿಯನ್ನು ಎರಡೆರಡು ಸಲ ಕೊಡವಿದೆ —

ಈ ಕಾಗದವನ್ನು ನಿನಗೆ ನಾನೇ ಓದಿ ಹೇಳಬೇಕು. ನಿನ್ನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಮಗುವಿಗೆ ಕನ್ನಡ ಓದಲು ಬರುವುದಿಲ್ಲ. ಯಾವ ಸಾಲು ಬಿಟ್ಟರೂ ಹಿಡಿಯುವವರಿಲ್ಲ. ಭಾನುವಾರ ತಿಂಡಿಯಾದ ಮೇಲೆ ಮೊಮ್ಮಗಳ ಎದುರಿಗೇ ಓದುತ್ತೇನೆ. ಮೂರು ಸಲ ಎಂಬುದನ್ನು ಒಂದು ಸಲ ಎಂದು ಮಾಡುವುದಿಲ್ಲ.